ಹಿತ್ತಲ ಹಣ್ಣಿನ ಮರಗಳೂ ನಮ್ಮ ಹೆಣ್ಣುಮಕ್ಕಳೂ

ವಿದ್ಯಾಭ್ಯಾಸ, ಶೀಲ, ಸೇವೆ ಮೊದಲಾದ ಘನವಾದ ವಿಷಯಗಳಿಗೆ ಮೀಸಲಾದ ಈ ಸ್ಮರಣ ಸಂಚಿಕೆಯಲ್ಲಿ ಹಿತ್ತಲಿನ ಹಣ್ಣಿನ ಮರಗಳ ಮಾತೇತಕ್ಕೆಂದು ಕೆಲವರು ಕೇಳಬಹುದು. ಆದರೆ ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹೆಣ್ಣುಮಕ್ಕಳಲ್ಲಿ ಬಹುಮಂದಿ ಇಂದು ಒಂದೊಂದು ಮನೆಯ ಯಜಮಾನಿಯರಾಗಿರುವರು. ಮುಂಬಾಗಿಲಿನ ವ್ಯವಹಾರವು ಯಾರ ಕೈಯಲ್ಲಿದ್ದರೂ ಹಿತ್ತಲು ಮಾತ್ರ ಬಹುಕಾಲದಿಂದ ಸ್ತ್ರೀಯರ ಆಡಳಿತಕ್ಕೆ ಒಳಪಟ್ಟದ್ದು. ಆ ಹಿತ್ತಲು ಈಗ ಬರಿದಾಗುತ್ತಲಿದೆ. ಆದುದರಿಂದ ಈ ಮಾತನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಇಡುವುದು ಅಪ್ರಸ್ತುತವಲ್ಲವೆಂದು ನಾವು ಭಾವಿಸುತ್ತೇವೆ.

ಸಿದ್ದಾಪುರ ತಾಲೂಕಿನ ಹೆಗ್ಗರಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಘನಾಶಿನಿಯು ಉಂಚಳ್ಳಿಯಲ್ಲಿ ಕೆಪ್ಪಜೋಗವಾಗಿ ಧುಮುಕುವ ತಾಣವು ಈ ಊರಿಗೆ ಸಮೀಪವಾಗಿದೆ. ಈ ಸೀಮೆಯ ಮನೆಗಳ ರಚನೆಯನ್ನು ನೋಡಿದವರಿಗೆ ಹಿರಿಯರ ವಿವೇಕವು ತಾನಾಗಿ ತಿಳಿಯುವುದು. ಕೆಳಗೆ ಕಣಿವೆಯಲ್ಲಿ ಅಡಕೆಯ ತೋಟ. ಮೇಲೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಸೊಪ್ಪಿನ ಬೆಟ್ಟ. ಇವೆರಡರ ನಡುವೆ ಮನೆ ಮತ್ತು ಅದರ ಹಿತ್ತಲು. ತೋಟವು ಹಣ ಕೊಡುವುದು, ಬೆಟ್ಟವು ಗೊಬ್ಬರ ಕೊಡುವುದು. ಊಟದ ರುಚಿಯನ್ನೂ ಮಕ್ಕಳ ಆರೋಗ್ಯವನ್ನೂ ಕೊಡುತ್ತಿದ್ದುದು ಹಿತ್ತಲು. ಹಪ್ಪಳಕ್ಕೂ ಕಡಬಿಗೂ ಹಲಸು, ಬೇಸಗೆಯ ಪಾನಕಕ್ಕೆ ಮುರುಗಲು, ಉಪ್ಪಿನಕಾಯಿಗೆ ಅಪ್ಪೆಮಿಡಿ, ಜ್ವರ ಬಂದು ಬಾಯಿ ಕೆಟ್ಟವರಿಗೆ ಕಂಚಿ, ಮಕ್ಕಳ ಜೇಬಿಗೆ ಪೇರಲೆ. ಪೇರಲೆ, ಅನಾನಸು, ಗೇರು ಇವು ಅಮೇರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದವು. ಪರದೇಶದ ಅತಿಥಿಗಳನ್ನೂ ಮನೆಮಕ್ಕಳಂತೆ ಸಾಕಿದ ಹಿತ್ತಲುಗಳು ನಮ್ಮವು.

ಈಗಿನ ಸ್ಥಿತಿ ಹೇಗಿದೆ? ಅಡಕೆಯ ಧಾರಣೆ ಏರಿದಂತೆಲ್ಲ ಗದ್ದೆಯೂ ಹಿತ್ತಲೂ ತೋಟವಾಗುತ್ತಲಿವೆ. ನೆರಳಾಗುತ್ತದೆಂದು ಹಲಸಿಗೆ ಕೊಡಲಿ ಬೀಳುವುದು. ಅಂಗಳ ವಿಸ್ತರಿಸಬೇಕೆಂದು ಮಾವು ಉರುಳುವುದು. ಒಂದೇ ಬೆಳೆಯನ್ನು ನಂಬುವುದು ಎಷ್ಟು ಅಪಾಯಕರವೆಂಬುದನ್ನು ಕೊಳೆರೋಗವೂ ಈಚಿನ ಎಲೆಚುಕ್ಕಿ ರೋಗವೂ ನಮಗೆ ಕಲಿಸಿದ್ದರೂ, ಕಲಿತ ಪಾಠವನ್ನು ಧಾರಣೆಯ ಸುದ್ದಿ ಮರೆಸಿಬಿಡುತ್ತದೆ. ಮಕ್ಕಳು ಪಟ್ಟಣ ಸೇರಿದ ಮನೆಗಳಲ್ಲಿ ಮುದುಕರಿಬ್ಬರೇ ಉಳಿದು, ಹತ್ತಿ ಕೊಯ್ಯುವವರಿಲ್ಲದೆ ಹಣ್ಣು ಮರದಡಿಯಲ್ಲೇ ಕೊಳೆಯುವುದನ್ನು ನಾವು ಕಂಡಿದ್ದೇವೆ.

ಇವುಗಳಲ್ಲಿ ಅಪ್ಪೆಯ ನಷ್ಟವು ಎಲ್ಲಕ್ಕಿಂತ ದೊಡ್ಡದು. ಹೊಳೆಹಳ್ಳಗಳ ದಂಡೆಯಲ್ಲಿ ಹುಟ್ಟಿದ ಈ ಮಾವಿಗೆ ೨೦೦೯–೧೦ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆ ಎಂದು ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಪರಿಮಳ. ಮಿಡಿಯನ್ನು ತೊಟ್ಟು ಸಹಿತವಾಗಿ, ನೆಲಕ್ಕೆ ಬಡಿಯದಂತೆ ಕೊಯ್ದು ಇಳಿಸಿದರೆ ಸೊನೆ ಉಳಿಯುವುದು. ಸೊನೆ ಉಳಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಬಾಳುವುದು. ಆದರೆ ಬೆಲೆಯ ಆಸೆಗೆ ಕೊಂಬೆಯನ್ನೇ ಕಡಿದು ಮಿಡಿ ಬಿಡಿಸಿಕೊಳ್ಳುವವರೂ ಇದ್ದಾರೆ. ಇನ್ನೊಂದು ಸಂಗತಿಯನ್ನು ನಾವು ಗಮನಿಸಬೇಕು. ಗೊರಟಿನಿಂದ ಎದ್ದ ಗಿಡವು ತಾಯಿಮರದ ಗುಣವನ್ನೇ ತರುವುದೆಂಬ ಭರವಸೆಯಿಲ್ಲ. ಒಂದು ಒಳ್ಳೆಯ ಅಪ್ಪೆಯ ಮರ ಉರುಳಿದರೆ ಆ ಪರಿಮಳವು ಲೋಕದಿಂದಲೇ ಹೋದಂತೆ. ಅದನ್ನು ಉಳಿಸಿಕೊಳ್ಳುವ ದಾರಿ ಕಸಿ ಒಂದೇ.

ಇಲ್ಲಿಯೇ ನಮ್ಮ ಸಹೋದರಿಯರಿಗೆ ನಾವು ಮಾಡುವ ಮುಖ್ಯ ಸೂಚನೆಯಿದೆ. ತವರಿನಿಂದ ಹೊರಡುವ ಮಗಳು ಸೀರೆ, ಪಾತ್ರೆ, ಬಂಗಾರಗಳನ್ನು ಒಯ್ಯುತ್ತಾಳೆ. ತವರಿನ ಮರವನ್ನು ಒಯ್ಯಲಾರಳೆಂದು ತಿಳಿದಿದ್ದೇವೆ. ಆದರೆ ಒಯ್ಯಬಹುದು. ಯಾವ ಅಪ್ಪೆ ಉಪ್ಪಿಗೆ ಒಳ್ಳೆಯದು, ಯಾವ ಹಲಸು ಬಕ್ಕೆ, ಯಾವುದು ಮೆತ್ತನೆಯ ಸೊಳೆಯದು ಎಂಬ ಜ್ಞಾನವು ಅಜ್ಜಿಯರಲ್ಲಿದೆ. ಅವರೊಡನೆ ಅದು ಅಳಿಯುವ ಮೊದಲು ಮರದ ಕಡ್ಡಿಯನ್ನು ತನ್ನಿರಿ. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ಗಾತ್ರದ ಕುಡಿಯನ್ನು ಆರಿಸಿ, ಕೊಯ್ಯುವುದಕ್ಕೆ ಒಂದು ವಾರ ಮೊದಲೇ ತೊಟ್ಟು ಉಳಿಸಿ ಎಲೆಗಳನ್ನು ಸವರಿದರೆ ಕಣ್ಣುಗಳು ಉಬ್ಬಿ ಸಿದ್ಧವಾಗುತ್ತವೆ. ಅದೇ ದಪ್ಪದ ಮಾವಿನ ಸಸಿಯ ತಲೆ ಕತ್ತರಿಸಿ, ಸೀಳಿ, ಬೆಣೆಯಂತೆ ಹೆರೆದ ಕುಡಿಯನ್ನು ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಗಾಳಿಯಲ್ಲಿ ತೇವವಿರುವ ಮಳೆಗಾಲವು ಇದಕ್ಕೆ ತಕ್ಕ ಸಮಯ. ಹೊಲಿಗೆ ಕಲಿತ ಕೈಗಳಿಗೆ ಈ ಕೆಲಸ ಕಷ್ಟವಲ್ಲ.

ಗಿಡ ನೆಡುವುದು ಸುಲಭ, ಸಾಕುವುದು ಕಷ್ಟ. ೧೯೫೦ರಲ್ಲಿ ವನಮಹೋತ್ಸವವು ಆರಂಭವಾದಂದಿನಿಂದ ಶಾಲೆಶಾಲೆಗಳಲ್ಲಿ ಎಷ್ಟು ಗಿಡಗಳನ್ನು ನೆಟ್ಟೆವೆಂದು ಲೆಕ್ಕವಿಡುತ್ತೇವೆ. ಮರುವರ್ಷದ ಬೇಸಗೆ ಕಳೆದ ಮೇಲೆ ಎಷ್ಟು ಉಳಿದವೆಂದು ಎಣಿಸುವವರು ವಿರಳ. ಫಲವಿಲ್ಲದ ಅಂಜೂರದ ಮರದ ಸಾಮ್ಯವನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದ್ದೇವೆ. ಯಜಮಾನನು ಮರವನ್ನು ಕಡಿಯಲು ಹೇಳಿದಾಗ ತೋಟಗಾರನು ಇನ್ನೊಂದು ವರ್ಷದ ಅವಧಿಯನ್ನು ಬೇಡಿದನು. ಬರಿದೇ ಬೇಡದೆ, ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದನು. ಆತನ ಪ್ರೀತಿಯು ಗುದ್ದಲಿ ಹಿಡಿದ ಪ್ರೀತಿಯಾಗಿತ್ತು. ಹಾಗೆಯೇ ಯಾಜಕಕಾಂಡದಲ್ಲಿ ಹೊಸ ಮರದ ಫಲವನ್ನು ಮೊದಲ ಮೂರು ವರ್ಷ ಉಣ್ಣಬಾರದೆಂಬ ವಿಧಿಯಿದೆ. ಅದು ಧರ್ಮವಿಧಿಯಾದರೂ ತೋಟಗಾರಿಕೆಗೂ ಒಪ್ಪುವಂಥದು. ಕಸಿಗಿಡವು ಎಳೆಯ ವಯಸ್ಸಿನಲ್ಲೇ ಹೂ ಬಿಟ್ಟರೆ ಆ ಹೂವನ್ನು ಚಿವುಟಬೇಕು. ಇಲ್ಲವಾದರೆ ಗಿಡವು ಮೈ ಹಿಡಿಯದು.

ಮಾಡತಕ್ಕ ಕೆಲಸಗಳು ಹೆಚ್ಚೇನಿಲ್ಲ. ಮಾವಿಗೆ ಮೂರು ಅಡಿ ಉದ್ದಗಲ ಆಳದ ಗುಂಡಿ ತೆಗೆದು, ಮೇಲ್ಮಣ್ಣನ್ನೂ ಕಳಿತ ಗೊಬ್ಬರವನ್ನೂ ತುಂಬಿ, ಕಸಿಯ ಗಂಟು ನೆಲದ ಮೇಲಿರುವಂತೆ ನೆಡಬೇಕು. ನಮ್ಮ ಮಳೆಗೆ ಬುಡದಲ್ಲಿ ನೀರು ನಿಲ್ಲಕೂಡದು. ಗಂಟಿನ ಕೆಳಗೆ ಒಡೆದ ಚಿಗುರನ್ನು ಆಗಾಗ ತೆಗೆಯಬೇಕು. ಬೇಸಗೆಯಲ್ಲಿ ಬುಡಕ್ಕೆ ದರಕು ಮುಚ್ಚಿ, ಮೊದಲ ಮೂರು ವರ್ಷ ನೀರುಣಿಸಬೇಕು. ಬೆಳೆದ ಮರದಲ್ಲಿ ಹಕ್ಕಿಗಳು ತಂದು ಹಚ್ಚುವ ಬಂದಣಿಕೆಯನ್ನು ಅದು ಹಣ್ಣು ಬಿಡುವ ಮೊದಲೇ ಕಡಿಯಬೇಕು. ಕಾಂಡದ ತೂತಿನಿಂದ ಹೊಟ್ಟು ಉದುರುತ್ತಿದ್ದರೆ ಒಳಗೆ ಕೊರಕ ಹುಳವಿದೆಯೆಂದು ತಿಳಿದು ತಂತಿಯಿಂದ ಕೊಲ್ಲಬೇಕು. ಉದುರಿ ಕೊಳೆತ ಹಣ್ಣನ್ನು ಬಿಡದೆ ಹೆಕ್ಕಿ ಹೂಳಿದರೆ ಹಣ್ಣಿನ ನೊಣದ ಕಾಟ ತಗ್ಗುವುದು.

ಮಂಗಗಳಿಗಾಗಿ ಹಣ್ಣು ಬೆಳೆಯಬೇಕೆ ಎಂದು ಕೆಲವರು ಕೇಳುತ್ತಾರೆ. ಈ ದೂರು ಸುಳ್ಳಲ್ಲ. ಅದರಿಂದ ಬೇಸತ್ತು ಹಿತ್ತಲನ್ನೇ ಬಿಟ್ಟವರನ್ನು ನಾವು ಬಲ್ಲೆವು. ಆದರೆ ಮರಗಳನ್ನೆಲ್ಲ ಕಡಿದ ಮಾತ್ರಕ್ಕೆ ಮಂಗಗಳ ಹಸಿವು ಅಡಗಲಾರದು. ಅವು ತೋಟಕ್ಕೆ ಇಳಿಯುತ್ತವೆ. ನಮ್ಮ ಮತದಲ್ಲಿ ಇದಕ್ಕೆ ಎರಡು ಉಪಾಯಗಳಿವೆ. ಕಸಿಗಿಡದ ತಲೆಯನ್ನು ಮೂರಡಿ ಎತ್ತರದಲ್ಲೇ ಚಿವುಟಿ, ವರ್ಷವರ್ಷವೂ ಸವರಿ ಗಿಡ್ಡವಾಗಿ ಬೆಳೆಸಿದರೆ ಬಲೆ ಹೊದಿಸಬಹುದು; ಮುದುಕಿಯೂ ನೆಲದಲ್ಲಿ ನಿಂತೇ ಮಿಡಿ ಕೊಯ್ಯಬಹುದು. ಎರಡನೆಯದಾಗಿ ಬೆಟ್ಟದಲ್ಲಿ ನೇರಳೆ, ಕಾಡುಮಾವು, ಹಲಸು ಮೊದಲಾದವನ್ನು ಕಾಡುಪ್ರಾಣಿಗಳ ಪಾಲಿಗೆಂದೇ ಬೆಳೆಸಬೇಕು. ಇದು ಒಂದು ಮನೆಯಿಂದಾಗದು, ಊರು ಕೂಡಬೇಕು. ಪೇಟೆಯಲ್ಲಿ ಎಲ್ಲವೂ ಸಿಕ್ಕುವುದೆನ್ನುವವರಿಗೆ ನಾವು ಹೇಳುವುದಿಷ್ಟೇ: ಸೇಬು ಸಿಕ್ಕುವುದು, ಅಜ್ಜಿಯ ಹಿತ್ತಲಿನ ಅಪ್ಪೆ ಸಿಕ್ಕದು.

ಕಡೆಯದಾಗಿ ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮಗಳು ರಜೆಗೆ ಮನೆಗೆ ಬಂದಾಗ ಅವಳ ಕೈಗೆ ಒಂದು ಗಿಡವನ್ನು ಒಪ್ಪಿಸಿರಿ. ಅದರ ನೀರು, ಗೊಬ್ಬರ, ಕಾವಲು ಅವಳದೇ ಆಗಿರಲಿ. ಶಾಲೆಯವರು ನೆಟ್ಟ ಗಿಡಗಳ ಸಂಖ್ಯೆಯ ಬದಲು ಮೂರು ಬೇಸಗೆ ದಾಟಿದ ಗಿಡಗಳ ಸಂಖ್ಯೆಯನ್ನು ವಾರ್ಷಿಕೋತ್ಸವದಲ್ಲಿ ಓದಲಿ. ಹಳೆಯ ವಿದ್ಯಾರ್ಥಿನಿಯರು ಮುಂದಿನ ಮಳೆಗಾಲದೊಳಗೆ ತಮ್ಮ ತವರಿನ ಒಂದು ಮರದ ಕಡ್ಡಿಯನ್ನಾದರೂ ಕಸಿಮಾಡಿ, ಒಂದು ಗಿಡವನ್ನು ತಮಗಿಟ್ಟುಕೊಂಡು ಇನ್ನೊಂದನ್ನು ಶಾಲೆಯ ಹಿತ್ತಲಿಗೆ ಕೊಡಲಿ. ಆಗ ಹೆಗ್ಗರಣೆಯ ಅಪ್ಪೆಯೂ ಯಲ್ಲಾಪುರದ ಹಲಸೂ ಶಿರಸಿಯ ಮುರುಗಲೂ ಒಂದೇ ಅಂಗಳದಲ್ಲಿ ಬೆಳೆದು, ನಮ್ಮನ್ನು ಕಾಣದ ಮಕ್ಕಳಿಗೂ ಹಣ್ಣು ಕೊಟ್ಟಾವು.