ಕಚೇರಿಯ ಐಪಿ ಫೋನ್ ಸುಮ್ಮನಿದ್ದಾಗಲೂ ಮಾಹಿತಿ ಕಳಿಸುತ್ತದೆ, ಅದು ಕದ್ದಾಲಿಕೆಯೇ?

ಯಾರೂ ರಿಸೀವರ್ ಎತ್ತಿಲ್ಲ, ಆದರೂ ಕೇಬಲ್ ಸಿಕ್ಕಿಸುವ ಜಾಗದಲ್ಲಿ ದೀಪ ಮಿನುಗುತ್ತಿದೆ. ಫೋನ್ ನಮ್ಮ ಮಾತು ಕದ್ದು ಕೇಳುತ್ತಿದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಐಪಿ ಫೋನ್‌ನ ಕೇಬಲ್ ಹೋಗುವುದು ಸ್ವಿಚ್‌ಗೆ. ಗೋಡೆಯ ಲೈಟ್ ಸ್ವಿಚ್ ಅಲ್ಲ, ಕಂಪ್ಯೂಟರ್, ಪ್ರಿಂಟರ್, ಫೋನ್‌ಗಳ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ. ಫೋನ್ ಮತ್ತು ಸ್ವಿಚ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತಮ್ಮ ಪರಿಚಯ ಹೇಳಿಕೊಳ್ಳುತ್ತವೆ. ಎಲ್‌ಎಲ್‌ಡಿಪಿ ಎಂಬ ಈ ಪದ್ಧತಿ 2005ರಲ್ಲಿ ಐಇಇಇ ಮಾನದಂಡವಾಯಿತು. ಫೋನ್‌ಗಳಿಗೆಂದೇ ಮಾಡಿದ ವಿಸ್ತರಣೆ ಎಲ್‌ಎಲ್‌ಡಿಪಿ-ಮೆಡ್ 2006ರಲ್ಲಿ ಬಂತು. ಸಿಸ್ಕೊ ಕಂಪನಿಗೆ ಇದಕ್ಕಿಂತ ಹಳೆಯದಾದ, ಸಿಡಿಪಿ ಎಂಬ ತನ್ನದೇ ಪದ್ಧತಿ ಇದೆ.

ಫೋನ್ ಹೇಳುವುದಿಷ್ಟು: ನಾನು ಫೋನ್, ನನ್ನ ಮಾಡೆಲ್ ಇದು, ಇಷ್ಟು ವಿದ್ಯುತ್ ಬೇಕು. ಸ್ವಿಚ್ ಹೇಳುತ್ತದೆ: ಧ್ವನಿಯನ್ನು ವಿಲ್ಯಾನ್ ಎಂಬ ಈ ಪ್ರತ್ಯೇಕ ದಾರಿಯಲ್ಲಿ ಕಳಿಸು, ಇಷ್ಟು ಆದ್ಯತೆ ಇರಲಿ. ಅದೇ ಕೇಬಲ್ಲಿನಲ್ಲಿ ದೊಡ್ಡ ಫೈಲ್ ಹೋಗುತ್ತಿದ್ದರೂ ಮಾತು ತುಂಡಾಗದಿರಲೆಂದು ಈ ಏರ್ಪಾಡು. ನಿಮ್ಮ ಸಂಭಾಷಣೆಯ ಒಂದು ಪದವೂ ಇದರಲ್ಲಿ ಇರುವುದಿಲ್ಲ.

ಈ ಪರಿಚಯ ದೂರವೂ ಹೋಗುವುದಿಲ್ಲ. ಜಿಲ್ಲೆ, ತಾಲ್ಲೂಕು ಕೇಂದ್ರಗಳನ್ನು ಧ್ವನಿ, ಡೇಟಾ, ವಿಡಿಯೊಗಾಗಿ ಜೋಡಿಸುವ ಸ್ವಾನ್ ಯೋಜನೆಗೆ ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿಗೆ ಕೊಟ್ಟಿತು; ನಮ್ಮಲ್ಲಿ ಅದು ಕೆಸ್ವಾನ್. ಇಂಥ ಜಾಲದಲ್ಲಿ ಸವಣೂರಿನ ಕರೆ ಹಾವೇರಿಗೆ ಹೋಗಬಹುದು, ಆದರೆ ಸವಣೂರಿನ ಫೋನ್ ಹೇಳಿಕೊಂಡ ಪರಿಚಯ ಅಲ್ಲಿನ ಸ್ವಿಚ್‌ನಲ್ಲೇ ನಿಲ್ಲುತ್ತದೆ. ನಮ್ಮ ಫಾರ್ವರ್ಡ್‌ಗಳಿಗೆ ತದ್ವಿರುದ್ಧ!

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಈ ಪರಿಚಯಕ್ಕೆ ಬೀಗವಿಲ್ಲ. ಕಚೇರಿಯೊಳಗೆ ಬಂದವರು ಲ್ಯಾಪ್‌ಟಾಪ್ ಸಿಕ್ಕಿಸಿ 'ನಾನೂ ಫೋನ್' ಎಂದು ಸುಳ್ಳು ಹೇಳಿಸಿದರೆ ಧ್ವನಿಯ ದಾರಿಗೆ ನುಗ್ಗುವ ಸಾಧ್ಯತೆ ಇದೆ. 2020ರಲ್ಲಿ ಆರ್ಮಿಸ್ ಸಂಸ್ಥೆ ಸಿಸ್ಕೊದ ಸಿಡಿಪಿ ತಂತ್ರಾಂಶದಲ್ಲಿ ಐದು ದೋಷಗಳನ್ನು ಬಯಲಿಗೆಳೆಯಿತು. ಸಿಸ್ಕೊ ತಿದ್ದುಪಡಿ ಕೊಟ್ಟಿತು. ಬಳಸದ ಪೋರ್ಟ್‌ಗಳನ್ನು ಬಂದ್ ಮಾಡಿಡುವುದು ಇಂಥ ಕಾರಣಕ್ಕೇ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ವಿಳಾಸದ ವಿಷಯ. ಮೇಜಿನ ಫೋನ್‌ಗೆ ಮೊಬೈಲಿನಂತೆ ಜಿಪಿಎಸ್ ಇರುವುದಿಲ್ಲ. ಹಾನಗಲ್ಲಿನ ಫೋನನ್ನು ಅದೇ ಸಂಸ್ಥೆಯ ಹಿರೇಕೆರೂರು ಕಚೇರಿಯಲ್ಲಿ ಸಿಕ್ಕಿಸಿದರೆ ಹಳೆಯ ಎಕ್ಸ್‌ಟೆನ್ಶನ್ ನಂಬರೇ ಅಲ್ಲೂ ನಡೆಯಬಹುದು. ಬೆಂಕಿ ಬಿದ್ದಾಗ ನಂಬರ್ ನೋಡಿ ನೆರವು ಹಾನಗಲ್ಲಿಗೆ ಹೋದರೆ? ಎಲ್‌ಎಲ್‌ಡಿಪಿ-ಮೆಡ್ ಮೂಲಕ ಹಿರೇಕೆರೂರಿನ ಸ್ವಿಚ್ ಕಟ್ಟಡ, ಮಹಡಿಯ ವಿವರವನ್ನು ಫೋನ್‌ಗೆ ತಿಳಿಸಬಲ್ಲದು. ಆದರೆ ಆ ವಿವರವನ್ನು ಯಾರಾದರೂ ಮೊದಲೇ ತುಂಬಿರಬೇಕು. ಹಾಗಾಗಿ ಕಚೇರಿ ಫೋನಿನಿಂದ 112ಕ್ಕೆ ಕರೆ ಮಾಡಿದಾಗ ಶಿಗ್ಗಾಂವಿಯೋ ಸವಣೂರೋ, ಊರು, ಕಟ್ಟಡದ ಹೆಸರನ್ನು ಮೊದಲು ಬಾಯಿಬಿಟ್ಟು ಹೇಳಿ.