ಅರಳು ಮರಳಿನ ಲೆಕ್ಕದಲ್ಲಿ ಇಲ್ಲದವರು

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಕನ್ನಡನಾಡಿನಲ್ಲಿ ಆಳವಾಗಿ ಬೇರೂರಿದೆ. ಮನೆಯ ಹಿರಿಯರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೂ, ಹೊಲಕ್ಕೆ ಹೋದವರು ದಾರಿ ತಪ್ಪಿ ಬೇರೆ ಊರಿನ ಅಗಸಿಯಲ್ಲಿ ಕುಳಿತರೂ, ‘ವಯಸ್ಸಾತಲ್ಲ, ಇನ್ನೇನು’ ಎಂದು ಮನೆಮಂದಿ ಸುಮ್ಮನಾಗುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಈ ಒಂದು ಗಾದೆಯ ಮಟ್ಟಿಗೆ ಮಾತ್ರ ವೈದ್ಯರ ತಕರಾರಿದೆ. ಎಲೆ ಅಡಿಕೆಯ ಸಂಚಿ ಇಟ್ಟ ಜಾಗ ಮರೆತರೆ ಅದು ವಯಸ್ಸು. ಸಂಚಿ ಕೈಯಲ್ಲಿದ್ದೂ ಅದನ್ನೇನು ಮಾಡಬೇಕೆಂದು ತೋಚದಿದ್ದರೆ ಅದು ಕಾಯಿಲೆ. ಅದರ ಹೆಸರು ಡಿಮೆನ್ಷಿಯಾ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಇದು ಹೆಚ್ಚು. ಆದರೆ ಇದರ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ಬಹುಪಾಲು ಬಂದಿರುವುದು ಶ್ರೀಮಂತ ದೇಶಗಳ, ಓದಿಕೊಂಡ ವೃದ್ಧರಿಂದ. 1998ರಲ್ಲಿ ಹಲವು ದೇಶಗಳ ಸಂಶೋಧಕರು ಕೂಡಿ ಕಟ್ಟಿದ ಗುಂಪೊಂದು ತನ್ನ ಹೆಸರನ್ನೇ ‘10/66’ ಎಂದು ಇಟ್ಟುಕೊಂಡಿತು. ಆಗಿನ ಲೆಕ್ಕದಂತೆ ರೋಗಿಗಳಲ್ಲಿ ನೂರಕ್ಕೆ 66 ಮಂದಿ ಇದ್ದದ್ದು ಬೆಳೆಯುತ್ತಿರುವ ದೇಶಗಳಲ್ಲಿ. ಸಂಶೋಧನೆಯಲ್ಲಿ ಅವರ ಪಾಲು 10 ಅಥವಾ ಅದಕ್ಕೂ ಕಡಿಮೆ ಇತ್ತು. ದೂರನ್ನೇ ಹೆಸರಾಗಿಸಿಕೊಂಡದ್ದು ಒಳ್ಳೆಯದೇ ಆಯಿತು.

ಹೀಗೇಕಾಯಿತು ಎಂಬುದನ್ನು ತಿಳಿಯಲು ಹುನಗುಂದ ತಾಲ್ಲೂಕಿನ ಯಾವುದೋ ಹಳ್ಳಿಯ, ಶಾಲೆಯ ಮೆಟ್ಟಿಲು ಹತ್ತದ ಎಂಬತ್ತರ ಅಜ್ಜಿಯೊಬ್ಬಳನ್ನು ಊಹಿಸಿಕೊಳ್ಳಿ. ಪರದೇಶದಲ್ಲಿ ತಯಾರಾದ ಪರೀಕ್ಷೆಗಳು ಕೇಳುತ್ತವೆ: ಇವತ್ತು ತಾರೀಖು ಎಷ್ಟು? ನೂರರಿಂದ ಏಳೇಳು ಕಳೆಯುತ್ತ ಬನ್ನಿ. ಒಂದು ವಾಕ್ಯ ಬರೆಯಿರಿ. ಗಡಿಯಾರದ ಚಿತ್ರ ಬಿಡಿಸಿ. ಪೆನ್ಸಿಲನ್ನೇ ಹಿಡಿಯದ ಅಜ್ಜಿಗೆ ಸೊನ್ನೆ ಬೀಳುವುದು ಖಂಡಿತ. ಆದರೆ ಕಾರಹುಣ್ಣಿಮೆ ಕಳೆದು ಎಷ್ಟು ದಿನವಾಯಿತು, ಮಣ್ಣೆತ್ತಿನ ಅಮಾವಾಸ್ಯೆ ಎಂದು, ಯಾರ ಮನೆಗೆ ಎಷ್ಟು ಸೇರು ಜೋಳ ಕಡ ಹೋಗಿದೆ ಎಂಬುದನ್ನು ಆಕೆ ತಪ್ಪಿಲ್ಲದೆ ಹೇಳಿಯಾಳು. ಇದಕ್ಕೆ ಉಲ್ಟಾ ಆಗುವುದೂ ಉಂಟು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಬಾಳು ಸವೆಸಿದ ಹಿರಿಯರಿಗೆ, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವಾಗ ಕೈ ತಡವರಿಸತೊಡಗಿದರೆ, ಅದು ಮನೆಯವರಿಗೆ ಕಂಡೀತು; ಕಾಗದದ ಪರೀಕ್ಷೆಗೆ ಕಾಣದು.

ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಅಧ್ಯಯನ ನಡೆಸಿದವರಿಗೆ ಈ ತೊಡಕು ಎದುರಾಯಿತು. ಅವರು ಜನರನ್ನು ಕೈಬಿಡಲಿಲ್ಲ, ಪ್ರಶ್ನೆಗಳನ್ನು ತಿದ್ದಿದರು. ವಾಕ್ಯ ಬರೆಯುವ ಬದಲು ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಕನ್ನಡವೂ ಸೇರಿದಂತೆ ಐದು ಭಾಷೆಗಳಿಗೆ ಹೊಂದುವ ಪರೀಕ್ಷೆಗಳು ಸಿದ್ಧವಾದವು.

ಅಕ್ಷರ ಬಾರದವರನ್ನು ಸೇರಿಸಿಕೊಳ್ಳುವುದು ಅವರಿಗೆ ಮಾಡುವ ಉಪಕಾರವೆಂದು ಯಾರೂ ಭಾವಿಸಬೇಕಿಲ್ಲ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದಿದವರನ್ನಷ್ಟೇ ನೋಡಿದ್ದರೆ, ಲಾಭ ಓದಿನದೋ ಭಾಷೆಯದೋ ಬಿಡಿಸುವುದು ಕಷ್ಟವಿತ್ತು. ಶಾಲೆ ಕಾಣದವರಲ್ಲೂ ಇಂಥ ಅಂತರ ಕಂಡದ್ದರಿಂದ ಭಾಷೆಯ ಪಾತ್ರಕ್ಕೆ ಪುಷ್ಟಿ ಸಿಕ್ಕಿತು. ಸಂತೆಯಲ್ಲಿ ಕನ್ನಡ, ಮನೆಯಲ್ಲಿ ಉರ್ದು ಆಡುವ ಮುದುಕರು ಕೊಡಬಲ್ಲ ಈ ಉತ್ತರ ಒಂದೇ ಭಾಷೆಯ ದೇಶದಲ್ಲಿ ಹುಟ್ಟುವುದಿಲ್ಲ.

ಕರ್ನಾಟಕದಲ್ಲಿ ಇಂಥ ದೊಡ್ಡ ಪ್ರಯತ್ನ ನಡೆದಿರುವುದು ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಇದನ್ನು ಆರಂಭಿಸಿತು. 45 ದಾಟಿದ 10,000 ಹಳ್ಳಿಗರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ನೆನಪು, ರಕ್ತ, ಮಿದುಳನ್ನು ಗಮನಿಸುವುದು ಗುರಿ. ಇಲ್ಲಿ ಬೇಕಾದವರು ರೋಗಿಗಳಲ್ಲ, ಚೆನ್ನಾಗಿರುವವರು. ಕಷ್ಟವಿರುವುದೇ ಅಲ್ಲಿ. ‘ನನಗೇನೂ ಆಗಿಲ್ಲ, ರಕ್ತ ಯಾಕೆ ಕೊಡಲಿ’ ಎಂಬ ರೈತನ ಪ್ರಶ್ನೆಯಲ್ಲಿ ತಪ್ಪೇನಿದೆ? ಒಂದು ದಿನದ ಕೂಲಿ ಹೋಗುತ್ತದೆ. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಪ್ರತಿ ಊರಲ್ಲೂ ಇದೆ. ಈ ಭಯಕ್ಕಾಗಿಯೇ ಎಂಬಂತೆ, ಓದಲು ಬಾರದವರ ಒಪ್ಪಿಗೆ ಪಡೆಯುವಾಗ ಓದಬಲ್ಲ, ಯಾರ ಪರವೂ ಅಲ್ಲದ ಸಾಕ್ಷಿಯೊಬ್ಬರು ಇರಲೇಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಬೇಡವೆನಿಸಿದ ದಿನ ಬಿಟ್ಟುಬರಬಹುದು. ಅದರಿಂದ ಅವರ ಚಿಕಿತ್ಸೆಗೆ ಧಕ್ಕೆಯಾಗಕೂಡದು. ಇದನ್ನು ಬಿಡಿಸಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಂಶೋಧನೆ ಮುಂದಿನ ಹತ್ತು ಸಂಶೋಧನೆಗಳ ಬಾಗಿಲು ಮುಚ್ಚುತ್ತದೆ.

ಶ್ರೀನಿವಾಸಪುರದ ರಾಗಿ ಮುದ್ದೆ, ತೆಲುಗು ಬೆರೆತ ಮಾತು ಹುನಗುಂದದ ಜೋಳದ ರೊಟ್ಟಿ, ಎರೆಭೂಮಿಯ ಬದುಕಿಗೆ ಸಾಟಿಯಲ್ಲ. ಅಲ್ಲಿ ಕಂಡದ್ದೆಲ್ಲ ಇಲ್ಲಿಗೂ ನಿಜವೆಂದು ಹೇಳಲು ಇಲ್ಲಿನವರನ್ನೂ ಕೇಳಬೇಕಾಗುತ್ತದೆ. ಹಾಗೆ ಕೇಳಲು ಬಂದವರು ಹಿರಿಯರೊಬ್ಬರನ್ನೇ ಕೇಳುವುದಿಲ್ಲ. ಹತ್ತು ವರ್ಷದ ಹಿಂದೆ ಹೇಗಿದ್ದರು, ಈಗ ದುಡ್ಡಿನ ಲೆಕ್ಕ ಸರಿಯಾಗಿ ಇಡುತ್ತಾರೆಯೇ, ನೆಂಟರ ಹೆಸರು ನೆನಪಿದೆಯೇ ಎಂದು ಮನೆಯವರನ್ನೂ ಕೇಳುತ್ತಾರೆ. ಇದಕ್ಕೆ ನೇರ ಉತ್ತರ ಸಿಗುವುದು ಸೊಸೆಯಿಂದ, ಪಕ್ಕದಲ್ಲೇ ಮಲಗುವ ಮೊಮ್ಮಕ್ಕಳಿಂದ. ಹಿರಿಯರನ್ನು ಒಪ್ಪಿಸುವುದೂ ಅವರಿಗೇ ಸುಲಭ. ‘ನಿನ್ನ ಮರೆವು ನೋಡಾಕ ಬಂದಾರ’ ಎಂದರೆ ಅಜ್ಜ ಕೋಲು ಎತ್ತಿಯಾನು. ‘ಯಜ್ಜಾ, ನಿನಗ ಏನೇನ್ ನೆನಪೈತಿ ಅಂತ ಕೇಳಾಕ ಬಂದಾರ, ಬಾ’ ಎಂದರೆ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು ಮಾತಿಗೆ ಕುಳಿತಾನು.