ಇಪ್ಪತ್ತೆಂಟು ದಿನದ ತಿಂಗಳು



ನಮ್ಮ ಪಗಾರದ ತಿಂಗಳಿಗೆ ಮೂವತ್ತು ಅಥವಾ ಮೂವತ್ತೊಂದು ದಿನ. ಖೋಲಿಯ ಬಾಡಿಗೆಗೂ ಕಿರಾಣಿ ಅಂಗಡಿಯ ಉದ್ರಿಗೂ ಅದೇ ತಿಂಗಳು. ಮೊಬೈಲ್ ಕಂಪನಿಗಳು ಮಾತ್ರ ತಮಗೆಂದೇ ಇಪ್ಪತ್ತೆಂಟು ದಿನದ ತಿಂಗಳೊಂದನ್ನು ಮಾಡಿಕೊಂಡಿವೆ. ಎರಡು ಮೂರು ದಿನದ ಈ ಕೊರತೆ ಆಗ ಕಣ್ಣಿಗೆ ಬೀಳುವುದಿಲ್ಲ. ವರ್ಷ ತುಂಬಿದಾಗ ಲೆಕ್ಕ ಹಾಕಿ ನೋಡಿರಿ: ಹನ್ನೆರಡು ಸಲ ಹಾಕಿಸಬೇಕಾಗಿದ್ದ ಕರೆನ್ಸಿಯನ್ನು ನಾವು ಹದಿಮೂರು ಸಲ ಹಾಕಿಸಿರುತ್ತೇವೆ. ಅಲ್ಲದೆ ಪ್ಯಾಕು ಮುಗಿಯುವ ದಿನ ಪ್ರತಿಸಲವೂ ಹಿಂದಕ್ಕೆ ಸರಿಯುತ್ತಾ ಹೋಗಿ, ಪಗಾರಕ್ಕೆ ಇನ್ನೂ ನಾಲ್ಕು ದಿನವಿರುವಾಗ, ಕೈಯಲ್ಲಿ ಬಿಡಿಗಾಸಿಲ್ಲದ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಎಸ್ಟೇಟ್ ಎಂದೊಡನೆ ಕೊಡಗಿನ ಕಾಫಿ ತೋಟವನ್ನು ನೆನೆಯುವವರಿದ್ದಾರೆ. ನಮ್ಮ ಕೊರ್ತಾಲಿಮ್ ಕಡೆಯವರಿಗೆ ಎಸ್ಟೇಟ್ ಎಂದರೆ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್. ಇಲ್ಲಿ ದುಡಿಯುವ ನಮ್ಮವರ ಊರು ಬಾಗಲಕೋಟೆಯೋ ಗದಗವೋ ಹಾವೇರಿಯೋ ಆಗಿರುತ್ತದೆ. ತಂದೆತಾಯಿ ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ. ಹೀಗೆ ಎರಡು ಕಡೆ ಹಂಚಿಹೋದ ಸಂಸಾರದಲ್ಲಿ ಕನಿಷ್ಠ ನಾಲ್ಕು ಫೋನು. 2024ರ ಜುಲೈ ತಿಂಗಳಲ್ಲಿ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರೂ ಕಂಪನಿಗಳು ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದವು. ಆಗ ಜಿಯೋದ ದಿನಕ್ಕೆ ಒಂದೂವರೆ ಜಿಬಿಯ ಇಪ್ಪತ್ತೆಂಟು ದಿನದ ಪ್ಯಾಕು 239 ರೂಪಾಯಿಯಿಂದ 299ಕ್ಕೆ ಹೋಯಿತು. ಅದೇ 299ನ್ನು ನಾಲ್ಕೂ ಫೋನಿಗೆ ಹದಿಮೂರು ಸಲ ಹಾಕಿಸಿದರೆ ವರ್ಷಕ್ಕೆ 15,548 ರೂಪಾಯಿ. ಇದು ನಿಮ್ಮ ಎಷ್ಟು ದಿನದ ಹಾಜರಿ ಎಂಬುದನ್ನು ನೀವೇ ಭಾಗಿಸಿ ನೋಡಿರಿ.

ಫೋನು ಬೇಡವೆಂದು ನಾವು ಹೇಳುತ್ತಿಲ್ಲ. ಎಸ್‌ಟಿಡಿ ಬೂತಿನ ಮುಂದೆ, ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ನಿಂತು, ಕೆಂಪು ಅಂಕಿಗಳು ಓಡುವುದನ್ನೇ ನೋಡುತ್ತಾ ಊರಿನವರೊಡನೆ ಎರಡು ಮಾತಾಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಆ ಕಾಲದಲ್ಲಿ ನಿಮಿಷಕ್ಕೆ ಹದಿನಾರು ರೂಪಾಯಿಯಷ್ಟು ಬೀಳುತ್ತಿತ್ತು. ಬಂದ ಕರೆಗೂ ಹಣ. ಬಂದ ಕರೆಗೆ ಹಣವಿಲ್ಲವೆಂದಾದದ್ದು 2003ರಲ್ಲಿ. ಆಮೇಲೂ ಗೋವೆಯ ನಮಗೆ ಒಂದು ತೊಡಕು ಉಳಿದಿತ್ತು. ಟೆಲಿಫೋನ್ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರದ ವಲಯಕ್ಕೆ ಸೇರಿದ್ದು, ಕರ್ನಾಟಕವೇ ಬೇರೆ ವಲಯ. ಊರಿನ ಸಿಮ್ ಗಡಿ ದಾಟಿದೊಡನೆ ರೋಮಿಂಗ್ ಆಗಿ ದುಡ್ಡು ಕರಗುತ್ತಿತ್ತು. ಆದುದರಿಂದಲೇ ನಮ್ಮವರು ಊರಿಗೊಂದು ಸಿಮ್, ಗೋವೆಗೊಂದು ಸಿಮ್ ಇಟ್ಟುಕೊಳ್ಳುವ ರೂಢಿ ಮಾಡಿಕೊಂಡರು. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ದರವನ್ನು ಕೈಬಿಟ್ಟವು. ಕಾರಣ ಹೋಯಿತು, ರೂಢಿ ಹೋಗಲಿಲ್ಲ. 2018ರ ಕೊನೆಯವರೆಗೆ ಲೈಫ್‌ಟೈಮ್ ಸಿಮ್ಮನ್ನು ಸುಮ್ಮನೆ ಇಟ್ಟುಕೊಂಡಿದ್ದರೂ ಕರೆ ಬರುತ್ತಿತ್ತು. ಅನಂತರ ಕಂಪನಿಗಳು ಬಂದ ಕರೆಗೂ ಇಪ್ಪತ್ತೆಂಟು ದಿನಕ್ಕೊಮ್ಮೆ 35 ರೂಪಾಯಿ ಹಾಕಿಸಲೇಬೇಕೆಂದವು. ಇಂದು ಎರಡನೆಯ ಸಿಮ್ಮಿಗಾಗಿ ಕೊಡುವ ಹಣದಿಂದ ಎಷ್ಟೋ ಮನೆಗಳಿಗೆ ಯಾವ ಪ್ರಯೋಜನವೂ ಇಲ್ಲ.

ಪ್ಯಾಕು ಆರಿಸುವಾಗ ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ದಿನಕ್ಕೆ ಎಷ್ಟು ಜಿಬಿ ಎಂಬುದು. ಮನೆಯಲ್ಲಿ ಕೂತು ಮೊದಲು ಯೋಚಿಸಬೇಕಾದದ್ದು ಯಾವ ನಂಬರಿನಿಂದ ಯಾವ ಕೆಲಸ ಆಗಬೇಕು ಎಂಬುದನ್ನು. ಕಾಲೇಜಿಗೆ ಹೋಗುವ ಮಗಳಿಗೆ ದಿನವೂ ನೆಟ್ ಬೇಕು. ಅಲ್ಲಿ ಜಿಪುಣತನ ಮಾಡಬೇಡಿರಿ. ವಾಟ್ಸಾಪಿನಲ್ಲಿ ನಾಲ್ಕು ಸಂದೇಶ ನೋಡುವವರಿಗೆ, ಆಗೊಮ್ಮೆ ಈಗೊಮ್ಮೆ ಹಣ ಕಳಿಸುವವರಿಗೆ ತಿಂಗಳಿಗೆಲ್ಲ ಸೇರಿ ಎರಡು ಜಿಬಿ ಸಾಕಾಗುತ್ತದೆ. ಅಂಥ ಪ್ಯಾಕು 2024ರ ಏರಿಕೆಯ ನಂತರ ಏರ್‌ಟೆಲ್‌ನಲ್ಲಿ 199, ಜಿಯೋದಲ್ಲಿ 189 ರೂಪಾಯಿ ಇತ್ತು. ಊರಿನಲ್ಲಿ ಬಟನ್ ಫೋನು ಹಿಡಿದಿರುವ ಅವ್ವನಿಗೆ ದಿನಕ್ಕೆ ಒಂದೂವರೆ ಜಿಬಿ ಹಾಕಿಸಿ ಏನು ಬಂತು? ರಾತ್ರಿ ಹನ್ನೆರಡಕ್ಕೆ ಅದು ಹಾಗೆಯೇ ಹೋಗುತ್ತದೆ, ಮಾರನೆಯ ದಿನವೂ ಅಷ್ಟೇ.

ಅವ್ವನಂಥವರಿಗೆಂದೇ ಒಂದು ಅನುಕೂಲ ಬಂದಿದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಡಿಸೆಂಬರಿನಲ್ಲಿ ಒಂದು ನಿಯಮ ಮಾಡಿತು: ಪ್ರತಿಯೊಂದು ಕಂಪನಿಯೂ ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರವಾದ, ನೆಟ್ಟಿನ ಹಣ ಸೇರದ ಒಂದು ಪ್ಯಾಕನ್ನಾದರೂ ಇಡತಕ್ಕದ್ದು, ಅದರ ಅವಧಿ ಒಂದು ವರ್ಷದವರೆಗೂ ಇರಬಹುದು. 2025ರ ಜನವರಿಯಲ್ಲಿ ಏರ್‌ಟೆಲ್ ಇಂಥ ಪ್ಯಾಕಿಗೆ 84 ದಿನಕ್ಕೆ 499 ರೂಪಾಯಿ, ವರ್ಷಕ್ಕೆ 1,959 ರೂಪಾಯಿ ಎಂದಿತು. ಈ ದರಗಳನ್ನು ಪರಿಶೀಲಿಸುವುದಾಗಿ ಟ್ರಾಯ್ ಹೇಳಿದ್ದೇ ತಡ, ಅದೇ ತಿಂಗಳಲ್ಲಿ ಅವು 469ಕ್ಕೂ 1,849ಕ್ಕೂ ಇಳಿದವು. ಕೇಳುವವರಿದ್ದರೆ ದರ ಇಳಿಯುತ್ತದೆ ಎಂಬುದು ಸಂಘದವರಾದ ನಮಗೆ ಹೊಸ ವಿಷಯವಲ್ಲ. ಜಿಯೋದ ಉದ್ದನೆಯ ಪ್ಯಾಕು 1,748 ರೂಪಾಯಿಗೆ ಇಳಿಯಿತಾದರೂ ಅದರ ಅವಧಿ 365ರಿಂದ 336 ದಿನಕ್ಕೆ ಬಂತು. ಹನ್ನೆರಡು ಇಪ್ಪತ್ತೆಂಟಲೇ ಮುನ್ನೂರ ಮೂವತ್ತಾರು! ಪ್ಯಾಕಿನ ಹೆಸರು ಓದಿದರೆ ಸಾಲದು, ದಿನ ಎಣಿಸಬೇಕು.

ದಿನದ ಲೆಕ್ಕವೇ ನಿಜವಾದ ಲೆಕ್ಕ. ಆಗಿನ ದರದಲ್ಲಿ 299ರ ಪ್ಯಾಕು ದಿನಕ್ಕೆ ಹತ್ತು ರೂಪಾಯಿ ಅರವತ್ತೆಂಟು ಪೈಸೆ. 199ರದ್ದು ಏಳು ರೂಪಾಯಿ ಹನ್ನೊಂದು ಪೈಸೆ. ವರ್ಷದ ಬರೀ ಮಾತಿನ ಪ್ಯಾಕು ಐದು ರೂಪಾಯಿ ಏಳು ಪೈಸೆ. ಮೇಲೆ ಹೇಳಿದ ಮನೆಯಲ್ಲಿ ದುಡಿಯುವವನಿಗೂ ಮಗಳಿಗೂ 299, ಹೆಂಡತಿಗೆ 199, ಅವ್ವನಿಗೆ 1,849 ಎಂದು ಹಂಚಿದರೆ ವರ್ಷಕ್ಕೆ 12,210 ರೂಪಾಯಿ. ಉಳಿದದ್ದು 3,338. ಯಾರ ಮಾತೂ ಕಡಿಮೆಯಾಗಲಿಲ್ಲ. ಈ ದರಗಳು ಮತ್ತೆ ಮತ್ತೆ ಬದಲಾಗುವಂಥವು. ಇಂದಿನ ದರವನ್ನು ವಿಚಾರಿಸಿಕೊಂಡು, ಅದನ್ನೇ ದಿನಗಳಿಂದ ಭಾಗಿಸಿರಿ.

ಆದರೆ 1,849 ರೂಪಾಯಿಯನ್ನು ಒಮ್ಮೆಗೇ ತರುವುದೆಲ್ಲಿಂದ? ತೊಂದರೆ ಇರುವುದೇ ಇಲ್ಲಿ. ಒಟ್ಟಿಗೆ ಕೊಡಬಲ್ಲ ಸಾಹುಕಾರನಿಗೆ ದಿನಕ್ಕೆ ಐದು ರೂಪಾಯಿ, ಚಿಲ್ಲರೆಯಾಗಿ ಕೊಡುವ ಕೂಲಿಗಾರನಿಗೆ ಏಳು ರೂಪಾಯಿ. ಅಕ್ಕಿ ಎಣ್ಣೆಯಲ್ಲಿಯೂ ಹೀಗೆಯೇ ಅಲ್ಲವೇ? ಬೋನಸ್ ಬಂದ ತಿಂಗಳಲ್ಲಿ ಹೊಸ ಫೋನಿನ ಕಂತಿಗೆ ಕೈ ಹಾಕುವ ಮೊದಲು ಊರಿನ ಹಿರಿಯರ ವರ್ಷದ ಪ್ಯಾಕನ್ನು ಹಾಕಿಸಿಬಿಡಿರಿ. ಬೋನಸ್ ಇಲ್ಲದ ಕಂತ್ರಾಟಿನವರು ಹತ್ತು ಹನ್ನೆರಡು ಮನೆ ಸೇರಿ, ಅಕ್ಕಂದಿರು ನಡೆಸುವ ಚೀಟಿಯಂತೆಯೇ, ತಿಂಗಳಿಗೆ ನೂರೈವತ್ತು ನೂರಎಂಬತ್ತು ಹಾಕಿಕೊಂಡು ಸರದಿಯ ಮೇಲೆ ಎತ್ತಿಕೊಳ್ಳಬಹುದು. ಇಷ್ಟೂ ಆಗದಿದ್ದರೆ ಇನ್ನೊಂದು ದಾರಿ: 2022ರ ಜನವರಿಯ ಟ್ರಾಯ್ ಆದೇಶದ ಪ್ರಕಾರ ಪ್ರತಿ ಕಂಪನಿಯೂ ಮೂವತ್ತು ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸಬಹುದಾದ ಪ್ಯಾಕನ್ನೂ ಇಡಲೇಬೇಕು. ಪಗಾರದ ಮರುದಿನಕ್ಕೆ ಅದನ್ನು ಹೊಂದಿಸಿಕೊಳ್ಳಿರಿ. ಅಂಗಡಿಯವರು ತಾವಾಗಿ ಇದನ್ನು ತೋರಿಸುವುದು ಕಡಿಮೆ; ಅವರನ್ನು ದೂರುವುದಿಲ್ಲ, ಹೆಚ್ಚು ನಡೆಯುವ ಪ್ಯಾಕೇ ಅವರ ಬಾಯಿಗೆ ಮೊದಲು ಬರುತ್ತದೆ.

ವರ್ಷದ ಹಣ ಕಟ್ಟುವ ಮೊದಲು ಎರಡು ವಿಷಯ ನೋಡಿಕೊಳ್ಳಿರಿ. ಆ ಕಂಪನಿಯ ನೆಟ್‌ವರ್ಕ್ ಅವ್ವನ ಅಡಿಗೆಮನೆಯೊಳಗೆ ಸಿಗುತ್ತದೆಯೇ ಎಂದು ಪಕ್ಕದ ಮನೆಯವರ ಫೋನಿನಿಂದ ಪರೀಕ್ಷಿಸಿರಿ. ಬಸ್ ನಿಲ್ದಾಣದಲ್ಲಿ ಸಿಕ್ಕರೆ ಪ್ರಯೋಜನವಿಲ್ಲ. ಎರಡನೆಯದು, 4ಜಿ ಇಲ್ಲದ ಹಳೆಯ ಬಟನ್ ಫೋನಿನಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ಅಗ್ಗವೆಂದು ಸಿಮ್ ಕೊಂಡು, ಅದಕ್ಕಾಗಿ ಮತ್ತೆ ಫೋನು ಕೊಂಡವರನ್ನು ನೋಡಿದ್ದೇವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಣ ಉಳಿಸಲೆಂದು ಒಂದು ಸಿಮ್ಮನ್ನು ಬಿಡುವುದಾದರೆ ಯಾವುದನ್ನು ಬಿಡುತ್ತಿದ್ದೀರಿ ಎಂದು ನಾಲ್ಕು ಸಲ ನೋಡಿರಿ. ಪಿಎಫ್ ಹಣ ತೆಗೆಯಬೇಕಾದರೆ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಬ್ಯಾಂಕಿಗೂ, 2021ರಲ್ಲಿ ಶುರುವಾದ ಇ-ಶ್ರಮ್ ಕಾರ್ಡಿಗೂ ಹಾಗೆಯೇ. ತೊಂಬತ್ತು ದಿನ ಏನೂ ಬಳಕೆಯಾಗದ, ಇಪ್ಪತ್ತು ರೂಪಾಯಿಯ ಬ್ಯಾಲೆನ್ಸೂ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ರದ್ದಾಗಿ ಮತ್ತೆ ತೊಂಬತ್ತು ದಿನ ಕಳೆದ ಮೇಲೆ ಅದೇ ನಂಬರು ಬೇರೊಬ್ಬರ ಕೈಗೆ ಹೋಗಬಹುದು. ನಿಮ್ಮ ಹತ್ತು ವರ್ಷದ ಪಿಎಫ್ ಒಟಿಪಿ ಯಾರೋ ಗುರುತಿಲ್ಲದವರ ಫೋನಿನಲ್ಲಿ ಟಿಣ್ ಎನ್ನುತ್ತದೆ. ಆದ್ದರಿಂದ ಮೊದಲು ಆಧಾರ್, ಬ್ಯಾಂಕು, ಪಿಎಫ್ ಮೂರನ್ನೂ ಒಂದೇ ನಂಬರಿಗೆ ತನ್ನಿರಿ, ಆಮೇಲೆ ಇನ್ನೊಂದನ್ನು ಬಿಡಿರಿ.

ಆ ನಂಬರು ನಿಮ್ಮ ಹೆಸರಿನಲ್ಲಿಯೇ ಇದೆಯೇ? ಗೋವೆಗೆ ಬಂದ ಹೊಸದರಲ್ಲಿ ಕಂತ್ರಾಟುದಾರರೋ ಮುಕಾದಮರೋ ತಮ್ಮ ಕಾಗದ ಕೊಟ್ಟು ತೆಗೆಸಿಕೊಟ್ಟ ಸಿಮ್ಮನ್ನೇ ಇಂದಿಗೂ ಬಳಸುತ್ತಿರುವವರಿದ್ದಾರೆ. ಕಾಗದ ಯಾರದೋ ನಂಬರು ಅವರದು. ಸಿಮ್ ಕಳೆದರೆ ಮರಳಿ ಪಡೆಯಲು ಅವರೇ ಬರಬೇಕು. 2023ರಲ್ಲಿ ಕೇಂದ್ರ ಸರಕಾರ ತೆರೆದ ಸಂಚಾರ್ ಸಾಥಿಯಲ್ಲಿ ನಿಮ್ಮ ಗುರುತಿನ ಮೇಲೆ ಯಾವ ಯಾವ ನಂಬರುಗಳಿವೆ ಎಂಬುದನ್ನು ನೋಡಬಹುದು. ಶಾಲೆಗೆ ಹೋಗುವ ಮಕ್ಕಳು ಐದು ನಿಮಿಷದಲ್ಲಿ ನೋಡಿಕೊಡುತ್ತಾರೆ. ನಿಮ್ಮ ನಂಬರು ಅಲ್ಲಿ ಕಾಣದಿದ್ದರೆ, ಹೆಸರು ಬದಲಾಯಿಸಿಕೊಡಿರೆಂದು ಯಾರ ಹೆಸರಿನಲ್ಲಿದೆಯೋ ಅವರನ್ನು ಈಗಲೇ ಕೇಳಿರಿ, ಕೆಲಸ ಬಿಟ್ಟು ಮನಸ್ತಾಪವಾದ ಮೇಲಲ್ಲ.

ಕಂಪನಿ ಬದಲಾಯಿಸಲು ನಂಬರು ಬದಲಾಯಿಸಬೇಕಾಗಿಲ್ಲ. ಈ ಹಕ್ಕು ದೇಶದಲ್ಲೆಲ್ಲ 2011ರ ಜನವರಿಯಿಂದ ಇದೆ. ಕರ್ನಾಟಕದ ನಂಬರನ್ನು ಇಟ್ಟುಕೊಂಡೇ ಗೋವೆಯ ವಲಯಕ್ಕೆ ಬರುವ ಹಕ್ಕು 2015ರ ಜುಲೈಯಿಂದ. ಈಗಿನ ಕಂಪನಿಯಲ್ಲಿ ತೊಂಬತ್ತು ದಿನ ಕಳೆದಿರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರು ಬರೆದು 1900ಕ್ಕೆ ಎಸ್ಸೆಮ್ಮೆಸ್ ಕಳಿಸಿರಿ. ಪ್ಯಾಕು ಚಿಕ್ಕದಾದರೂ ಈ ಸಂದೇಶವನ್ನು ತಡೆಯಕೂಡದೆಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಆಜ್ಞೆ ಮಾಡಿದೆ. ತಡೆದರೆ 198ಕ್ಕೆ ಫೋನು ಮಾಡಿ ದೂರು ಕೊಟ್ಟು, ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿರಿ. ಮರಳಿ ಬರುವ ಕೋಡ್ ಇಲ್ಲಿ ನಾಲ್ಕು ದಿನ ನಡೆಯುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಮಾತ್ರ ಕೊಡಿರಿ, ಫೋನಿನಲ್ಲಿ ಕೇಳಿದವರಿಗೆ ಬೇಡ. ಹಳೆಯ ಪ್ಯಾಕಿನಲ್ಲಿ ಉಳಿದ ದಿನಗಳ ಹಣ ಹೊಸ ಕಂಪನಿಗೆ ಬರುವುದಿಲ್ಲವಾದ್ದರಿಂದ ಪ್ಯಾಕು ಮುಗಿಯುವ ವಾರದಲ್ಲಿ ಈ ಕೆಲಸಕ್ಕೆ ಹೊರಡಿರಿ.